ಐದು ಸಾವಿರ ಸಸಿಯಿಂದ ಸಾವಿರದ ಇನ್ನೂರಕ್ಕೆ: ಒಂದು ನಗರಸಭೆಯ ಮರ ಯೋಜನೆಯ ಪ್ರಕರಣ ಅಧ್ಯಯನ

ಹಿನ್ನೆಲೆ

ಇಲ್ಲಿ ಹೇಳುತ್ತಿರುವ ಊರು ಕರ್ನಾಟಕದ ದಕ್ಷಿಣ ಒಳನಾಡಿನ ಬಯಲುಸೀಮೆಯದು. ಪುರಸಭೆಯಾಗಿದ್ದದ್ದು ನಗರಸಭೆಯಾಗಿದೆ, 31 ವಾರ್ಡು, ಲಕ್ಷ ದಾಟಿದ ಜನಸಂಖ್ಯೆ. ಊರಿನ ಹೆಸರು, ಸರ್ವೆ ನಂಬರು, ಇಸವಿ, ಅಧಿಕಾರಿಗಳ ಮತ್ತು ಸದಸ್ಯರ ಗುರುತು ಬಿಟ್ಟಿದೆ. ಊರು ಗುರುತು ಸಿಗದಂತೆ ಎಣಿಕೆಗಳನ್ನೂ ತುಸು ಹಿಂದುಮುಂದು ಮಾಡಿದೆ.

ನಗರಸಭೆಯಾದಾಗ ಸುತ್ತಲಿನ ಮೂರು ಹಳ್ಳಿಗಳು ಪಟ್ಟಣದ ಮಿತಿಗೆ ಸೇರಿದವು. ಅವುಗಳ ಜತೆ ಕೆರೆ, ರಾಜಕಾಲುವೆ, ಗುಂಡುತೋಪುಗಳೂ (ಊರಿಗೆಲ್ಲ ಸೇರಿದ ಹಳೆಯ ಮರದ ತೋಪುಗಳು) ಬಂದವು. ಊರ ನಡುವೆ ಹಾದುಹೋಗುವ ಹಳೆಯ ಹೆದ್ದಾರಿಯ ಎರಡೂ ಬದಿಗೆ ಹುಣಸೆ, ಹೊಂಗೆ, ಆಲ, ನಡುನಡುವೆ ರೈನ್ ಟ್ರೀ. ಇದರ ಜತೆಗೆ ಪ್ರತಿವರ್ಷ ಜೂನ್ 5ರ ಪರಿಸರ ದಿನಕ್ಕೆ ಸುಮಾರು ಐದು ಸಾವಿರ ಸಸಿ ನೆಡುವುದು, ವಾರ್ಡಿಗೆ 160ರಂತೆ ಸಮನಾಗಿ ಹಂಚುವುದು ವಾಡಿಕೆಯಾಗಿತ್ತು. ಐದು ವರ್ಷಕ್ಕೆ ಕಡತದಲ್ಲಿ 25,000 ಗಿಡ.

ಮರಗಳ ವಿಷಯದಲ್ಲಿ ನಗರಸಭೆಯ ಕೈ ಅರ್ಧ ಕಟ್ಟಿರುತ್ತದೆ ಎಂಬುದನ್ನು ಮೊದಲೇ ತಿಳಿದುಕೊಳ್ಳಬೇಕು. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ, 1976ರ ಪ್ರಕಾರ ಮರ ಕಡಿಯಲು ಅನುಮತಿ ಕೊಡುವವರು ವೃಕ್ಷಾಧಿಕಾರಿ, ಅಂದರೆ ಅರಣ್ಯ ಇಲಾಖೆಯವರು. ಗುಂಡುತೋಪಿನ ಜಮೀನು ಕಂದಾಯ ಇಲಾಖೆಯ ಲೆಕ್ಕದಲ್ಲಿರುತ್ತದೆ. ಬಡಾವಣೆ ನಕ್ಷೆಗೆ ಮಂಜೂರಾತಿ ಯೋಜನಾ ಪ್ರಾಧಿಕಾರದ್ದು. ತಂತಿಗೆ ತಾಗುವ ಕೊಂಬೆ ಕಡಿಯುವುದು ವಿದ್ಯುತ್ ಕಂಪನಿಯ ಗ್ಯಾಂಗು. ನಗರಸಭೆಗೆ ಉಳಿಯುವುದು ರಸ್ತೆ, ಚರಂಡಿ, ಉದ್ಯಾನ, ಮತ್ತು ಜನರ ದೂರು.

ಸಮಸ್ಯೆ ಬಯಲಿಗೆ ಬಂದದ್ದು

ಬಸ್ ನಿಲ್ದಾಣದಿಂದ ಹೆದ್ದಾರಿ ಕೂಡುವವರೆಗೆ ರಸ್ತೆ ಅಗಲ ಮಾಡಲು 142 ಮರ ತೆಗೆಯಬೇಕೆಂದು ಎಂಜಿನಿಯರಿಂಗ್ ಶಾಖೆ ಪಟ್ಟಿ ಮಾಡಿತು. 50ಕ್ಕಿಂತ ಹೆಚ್ಚು ಮರ ಕಡಿಯುವುದಾದರೆ ವೃಕ್ಷಾಧಿಕಾರಿ ಸಾರ್ವಜನಿಕ ಪ್ರಕಟಣೆ ಹೊರಡಿಸಿ ಆಕ್ಷೇಪಣೆ ಕರೆಯಬೇಕು. ಹಾಗಾಗಿ ಕಾಮಗಾರಿಯನ್ನು ಮೂರು ತುಂಡು ಮಾಡಿ, ಒಂದೊಂದಕ್ಕೂ 50ರೊಳಗೆ ಅರ್ಜಿ ಹಾಕೋಣ ಎಂಬ ಸಲಹೆ ಬಂತು. ಬಹಳ ಕಡೆ ನಡೆಯುವುದೇ ಹೀಗೆ. ಇಲ್ಲಿ ಪೌರಾಯುಕ್ತರು ಒಪ್ಪಲಿಲ್ಲ. ಒಂದೇ ರಸ್ತೆ, ಒಂದೇ ಟೆಂಡರು, ಆದ್ದರಿಂದ ಒಂದೇ ಅರ್ಜಿ ಎಂದು ಟಿಪ್ಪಣಿ ಬರೆದರು. ಮುಂದೆ ನಡೆದದ್ದಕ್ಕೆಲ್ಲ ಬುನಾದಿ ಆ ಟಿಪ್ಪಣಿ. ತುಂಡು ಮಾಡಿದ್ದರೆ ವಿಚಾರಣೆ ನಡೆಯುತ್ತಿರಲಿಲ್ಲ, ವಿಚಾರಣೆ ನಡೆಯದಿದ್ದರೆ ಆ ಪ್ರಶ್ನೆಯೂ ಬರುತ್ತಿರಲಿಲ್ಲ.

ಸಾರ್ವಜನಿಕ ವಿಚಾರಣೆಯಲ್ಲಿ ಬಂದ ಪ್ರಶ್ನೆ ಸರಳವಾಗಿತ್ತು: ಬದಲಿಗೆ ಸಸಿ ನೆಡುತ್ತೇವೆ ಎನ್ನುತ್ತೀರಿ, ಐದು ವರ್ಷದಲ್ಲಿ ನೆಟ್ಟವು ಎಲ್ಲಿವೆ? ಸಭೆಯಲ್ಲಿ ಉತ್ತರವಿರಲಿಲ್ಲ. ಮುಂದಿನ ತಿಂಗಳು ಆರೋಗ್ಯ ಶಾಖೆಯ ಸಿಬ್ಬಂದಿ ವಾರ್ಡುವಾರು ಎಣಿಸಿದಾಗ ಸಿಕ್ಕ ಜೀವಂತ ಗಿಡ 1,900. ನೂರಕ್ಕೆ ಎಂಟೂ ಇಲ್ಲ. ಉಳಿದವುಗಳಲ್ಲಿಯೂ ಹೆಚ್ಚಿನವು ಶಾಲೆ, ಆಸ್ಪತ್ರೆ, ದೇವಸ್ಥಾನದ ಕಾಂಪೌಂಡಿನೊಳಗೆ, ಅಂದರೆ ಯಾರೋ ಒಬ್ಬರು ಬೇಸಿಗೆಯಲ್ಲಿ ಬಕೆಟ್ಟಿನಲ್ಲಿ ನೀರು ಹಾಕುವ ಜಾಗದಲ್ಲಿ.

ಕಾರಣ ಹುಡುಕುವುದು ಕಷ್ಟವಾಗಲಿಲ್ಲ. ಜೂನ್ 5ರ ಹೊತ್ತಿಗೆ ಈ ಭಾಗದಲ್ಲಿ ಒಂದೆರಡು ಮಳೆ ಬಿದ್ದಿರುತ್ತದೆ, ಮಣ್ಣು ಒಂದಡಿ ಕೆಳಗೆ ಒಣಗಿಯೇ ಇರುತ್ತದೆ. ನೆಟ್ಟ ಸಸಿಗಳು 5×8 ಇಂಚಿನ ಚೀಲದವು, ಮೊಣಕಾಲೆತ್ತರ. ದನ, ಮೇಕೆ, ಸ್ಕೂಟರ್ ಸ್ಟ್ಯಾಂಡು ಯಾವುದಕ್ಕೂ ನಿಲ್ಲುವ ಎತ್ತರವಲ್ಲ. ಬಿಲ್ಲು ಪಾವತಿಯಾಗುತ್ತಿದ್ದದ್ದು ಗುಂಡಿ ತೋಡಿ ಸಸಿ ಇಟ್ಟ ದಿನದ ಫೋಟೋ ಮೇಲೆ. ನಿರ್ವಹಣೆಗೆ ಇಟ್ಟಿದ್ದು ನಾಮಮಾತ್ರದ ಹಣ, ಅದೂ ಮಾರ್ಚಿಗೆ ಮುಗಿಯುವ ಆರ್ಥಿಕ ವರ್ಷದ ಲೆಕ್ಕದಲ್ಲಿ. ಗಿಡ ಸಾಯುವುದು ಏಪ್ರಿಲ್, ಮೇನಲ್ಲಿ.

ಇದಾದ ಮೇಲೆ ಸಾಮಾನ್ಯ ಸಭೆ ಹತ್ತು ವರ್ಷದ ಮರ ಯೋಜನೆ ಮಾಡಬೇಕೆಂದು ನಿರ್ಣಯಿಸಿತು. ಇರುವ ಮರ ಉಳಿಸುವುದು, ತೋಪುಗಳನ್ನು ದಾಖಲೆಯಲ್ಲಿ ಭದ್ರಪಡಿಸುವುದು, ಹೊಸದಾಗಿ ನೆಟ್ಟದ್ದನ್ನು ಬದುಕಿಸುವುದು ಇದರ ಮೂರು ಕೆಲಸ. ಪರಿಸರ ಅಭಿಯಂತರರಿಗೆ ಹೊಣೆ ವಹಿಸಲಾಯಿತು.

ಗಣತಿ: ಮೊದಲ ಸಲ ಕೆಟ್ಟದ್ದು ಯಾಕೆ

ಮರಗಳ ಗಣತಿ 1976ರ ಕಾಯ್ದೆಯೇ ವೃಕ್ಷ ಪ್ರಾಧಿಕಾರಕ್ಕೆ ವಹಿಸಿರುವ ಕರ್ತವ್ಯ. ವೃಕ್ಷಾಧಿಕಾರಿಯ ಒಪ್ಪಿಗೆ ಪಡೆದು ನಗರಸಭೆ ಒಂದು ಏಜೆನ್ಸಿಗೆ ಕೆಲಸ ಕೊಟ್ಟಿತು. ಮೊಬೈಲ್ ಆ್ಯಪ್, ಫೋಟೋ, ಜಿಪಿಎಸ್ ಎಲ್ಲ ಇತ್ತು. ಎರಡು ವಾರ್ಡು ಮುಗಿದಾಗ ಪರಿಸರ ಅಭಿಯಂತರರು ಟೇಪು ಹಿಡಿದು ನೂರು ಮರ ಮರುಪರಿಶೀಲಿಸಿದರು. ಸುತ್ತಳತೆಯ ಕಾಲಮಿನಲ್ಲಿ 50, 100, 150 ಬಿಟ್ಟರೆ ಬೇರೆ ಸಂಖ್ಯೆಯೇ ಇಲ್ಲ, ಕಣ್ಣಳತೆಯಲ್ಲಿ ತುಂಬಿದ್ದರು. ಜಾತಿಯ ಕಾಲಮಿನಲ್ಲಿ ಅರ್ಧಕ್ಕರ್ಧ ‘ಇತರೆ’. ಎಲೆ ಚಪ್ಪರದ ಕೆಳಗೆ ಜಿಪಿಎಸ್ ಐದರಿಂದ ಹತ್ತು ಮೀಟರ್ ಆಚೀಚೆ ತೋರಿಸುವುದರಿಂದ ಪಾದಚಾರಿ ಮಾರ್ಗದ ಮರಗಳು ನಕ್ಷೆಯಲ್ಲಿ ಮನೆಯೊಳಗೆ ನಿಂತಿದ್ದವು.

ಆ ಎರಡು ವಾರ್ಡಿನ ದತ್ತಾಂಶವನ್ನು ಪೂರ್ತಿ ತಳ್ಳಿಹಾಕಿ ಹೊಸ ನಿಯಮ ಮಾಡಲಾಯಿತು. ನೆಲದಿಂದ 1.37 ಮೀಟರ್ ಎತ್ತರದಲ್ಲಿ ಟೇಪಿನಿಂದಲೇ ಸುತ್ತಳತೆ. ಜಾತಿಯ ಹೆಸರು ಊರ ಮಾತಿನಲ್ಲಿ ಬರೆದರೂ ಸರಿ, ಬರೆಯದೆ ಬಿಡುವಂತಿಲ್ಲ. ಗೊತ್ತಾಗದ್ದರ ಎಲೆ, ಕಾಯಿ ತಂದು ಅರಣ್ಯ ಇಲಾಖೆಯ ನರ್ಸರಿಯವರಿಗೆ ತೋರಿಸುವುದು. ಮೊಳೆ ಹೊಡೆದು ಫಲಕ ಹಾಕುವಂತಿಲ್ಲ, ಬಣ್ಣದಲ್ಲಿ ಸಂಖ್ಯೆ. ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ಹತ್ತಿರದ ವಿದ್ಯುತ್ ಕಂಬದ ನಂಬರನ್ನು ಮರದ ವಿಳಾಸವಾಗಿ ಬರೆದದ್ದು. ಜಿಪಿಎಸ್ ತಪ್ಪಿದರೂ ಕಂಬ ಅಲ್ಲೇ ಇರುತ್ತದೆ, ಲೈನ್‌ಮ್ಯಾನಿಗೂ ಅದು ತಿಳಿಯುತ್ತದೆ.

ಇನ್ನೆರಡು ಕಾಲಮು ಸೇರಿಸಿದರು. ಒಂದು, ಬುಡದ ಸ್ಥಿತಿ: ಮಣ್ಣು ತೆರೆದಿದೆಯೇ, ಕಾಂಕ್ರೀಟ್ ಮುಚ್ಚಿದೆಯೇ. ಇನ್ನೊಂದು, ಮರವಿಲ್ಲದ ಆದರೆ ಮರ ಹಿಡಿಯುವ ಖಾಲಿ ಜಾಗ. ಖಾಲಿ ಜಾಗ ಬರೆಯದ ಗಣತಿಯಿಂದ ಇರುವುದು ಗೊತ್ತಾಗುತ್ತದೆ, ಮುಂದಿನ ವರ್ಷ ಎಲ್ಲಿ ಗುಂಡಿ ತೋಡಬೇಕೆಂಬುದು ಗೊತ್ತಾಗುವುದಿಲ್ಲ.

ಏಳು ತಿಂಗಳು ಹಿಡಿಯಿತು. ರಸ್ತೆಬದಿ ಮತ್ತು ಉದ್ಯಾನಗಳಲ್ಲಿ 15,000ದ ಆಸುಪಾಸು ಮರ. ಹೊಂಗೆ, ರೈನ್ ಟ್ರೀ, ಗುಲ್‌ಮೊಹರ್, ಪೆಲ್ಟೋಫೋರಂ ಈ ನಾಲ್ಕೇ ಜಾತಿ ಸೇರಿ ನೂರಕ್ಕೆ 61. ಹತ್ತರಲ್ಲಿ ಆರು ಮರಗಳ ಬುಡ ಸಿಮೆಂಟಿನಲ್ಲಿ ಮುಚ್ಚಿತ್ತು. ನಿಜವಾಗಿ ಹೆದರಿಸಿದ ಅಂಕಿ ಬೇರೆ: ಸುತ್ತಳತೆ 30 ಸೆಂಟಿಮೀಟರಿಗಿಂತ ಕಡಿಮೆ ಇರುವ ಎಳೆಯ ಮರಗಳು ನೂರಕ್ಕೆ ಒಂಬತ್ತು. ಅಜ್ಜಂದಿರಿದ್ದಾರೆ, ಮೊಮ್ಮಕ್ಕಳಿಲ್ಲ. ಹಳೆಯವು ಒಂದೊಂದಾಗಿ ಬೀಳುತ್ತ ಹೋದರೆ ಮೂವತ್ತು ವರ್ಷದಲ್ಲಿ ಬೀದಿ ಬರಿದಾಗುತ್ತದೆ, ಯಾರೂ ಕೊಡಲಿ ಎತ್ತದಿದ್ದರೂ.

ಜಾತಿಯ ವಿಷಯದಲ್ಲಿ ಅಮೆರಿಕದ ಮರ ತಜ್ಞ ಫ್ರಾಂಕ್ ಸ್ಯಾಂಟಮರ್ 1990ರಲ್ಲಿ ಸೂಚಿಸಿದ ಅಳತೆಗೋಲನ್ನು ಇಟ್ಟುಕೊಂಡರು: ಒಂದು ಪ್ರಭೇದ ನೂರಕ್ಕೆ 10, ಒಂದು ಕುಲ 20, ಒಂದು ಕುಟುಂಬ 30 ದಾಟಬಾರದು. ಒಂದೇ ಕೀಟ ಅಥವಾ ರೋಗ ಬಂದು ಇಡೀ ಬೀದಿ ಒಣಗದಿರಲಿ ಎಂಬ ಲೆಕ್ಕ ಇದು. ಹಾಗೆಂದು ಇರುವ ಹೊಂಗೆ ಕಡಿಯುವ ಪ್ರಶ್ನೆಯಿಲ್ಲ. ಬೀದಿಗಳಲ್ಲಿ ಹೊಸದಾಗಿ ನೆಡುವಾಗ ಈ ನಾಲ್ಕನ್ನು ಬಿಟ್ಟು ಬೇವು, ನೇರಳೆ, ಬಾಗೆ, ತಪಸಿ, ಕಕ್ಕೆ, ರೆಂಜೆ, ಹೊಳೆಮತ್ತಿ, ಕಮರ ಆರಿಸಿದರು. ತಂತಿಯ ಕೆಳಗೆ ಕಕ್ಕೆಯಂಥ ಸಣ್ಣವು ಮಾತ್ರ.

ಬದುಕಿದ ಗಿಡಕ್ಕೆ ದುಡ್ಡು

ಹೊಸ ಟೆಂಡರಿನಲ್ಲಿ ನೆಟ್ಟಾಗ 40 ಭಾಗ, ಉಳಿದ 60 ಭಾಗ ಮೂರು ಬೇಸಿಗೆಯ ಕೊನೆಗೆ ತಲಾ 20ರಂತೆ, ಅದೂ ಆ ದಿನ ಎಣಿಸಿ ಬದುಕಿರುವ ಗಿಡಕ್ಕೆ ಮಾತ್ರ ಎಂದು ಬರೆದರು. ತತ್ವ ಚೆನ್ನಾಗಿತ್ತು, ಒಬ್ಬನೂ ಟೆಂಡರು ಹಾಕಲಿಲ್ಲ.

ಎರಡನೇ ಸಲ ಕರೆಯುವ ಮೊದಲು ಗುತ್ತಿಗೆದಾರರನ್ನು ಕೂರಿಸಿ ಕೇಳಿದ್ದು ಒಳ್ಳೆಯದಾಯಿತು. ಅವರ ತಕರಾರು ಷರತ್ತಿನ ಮೇಲಿರಲಿಲ್ಲ, ನೀರಿನ ಖರ್ಚಿನ ಮೇಲಿತ್ತು. 400 ಗಿಡಕ್ಕೆ ಒಂದು ಸಲಕ್ಕೆ 20 ಲೀಟರಿನಂತೆ 8,000 ಲೀಟರ್, ಅಂದರೆ 4,000 ಲೀಟರಿನ ಟ್ಯಾಂಕರ್ ಎರಡು ಟ್ರಿಪ್ಪು. ಡಿಸೆಂಬರಿನಿಂದ ಮೇವರೆಗೆ ವಾರಕ್ಕೊಮ್ಮೆ ಎಂದರೆ ಸುಮಾರು 24 ವಾರ, 48 ಟ್ರಿಪ್ಪು. ಇಷ್ಟು ಡೀಸೆಲ್ಲು, ಚಾಲಕನ ಕೂಲಿ ಕೈಯಿಂದ ಹಾಕಿ ಜೂನ್‌ವರೆಗೆ ಕಾಯುವ ಶಕ್ತಿ ಸಣ್ಣ ಗುತ್ತಿಗೆದಾರನಿಗಿಲ್ಲ. ಶಕ್ತಿ ಇರುವ ದೊಡ್ಡವನಿಗೆ ಗಿಡದ ಕೆಲಸ ಬೇಡ.

ಆದ್ದರಿಂದ ನೀರನ್ನು ಬೇರೆ ಐಟಂ ಮಾಡಿದರು: ಟ್ರಿಪ್ಪಿನ ಲೆಕ್ಕದಲ್ಲಿ, ತಿಂಗಳಿಗೊಮ್ಮೆ ಪಾವತಿ. ನೆಟ್ಟದ್ದಕ್ಕೆ 50 ಭಾಗ, ಉಳಿವಿಗೆ 50 ಭಾಗ ಮೂರು ಕಂತಿನಲ್ಲಿ. ಒಂದು ಪ್ಯಾಕೇಜಿಗೆ 400 ಗಿಡ, ವರ್ಷಕ್ಕೆ ಮೂರೇ ಪ್ಯಾಕೇಜು. ಐದು ಸಾವಿರದಿಂದ 1,200ಕ್ಕೆ ಇಳಿದದ್ದು ಹೀಗೆ. ಟ್ಯಾಂಕರ್ ಎಷ್ಟು ಗಿಡ ತಲುಪುತ್ತದೆಯೋ ಅಷ್ಟೇ ನೆಡುವುದು ಎಂಬ ಮಿತಿಯನ್ನು ಸಭೆಯಲ್ಲಿ ಒಪ್ಪಿಸುವುದು ಇಡೀ ಯೋಜನೆಯ ಅತಿ ಕಷ್ಟದ ಘಳಿಗೆಯಾಗಿತ್ತು. ವಾರ್ಡಿಗೆ 160ರ ಪಾಲು ತಪ್ಪಿತೆಂದು ಹಲವು ಸದಸ್ಯರು ಸಿಟ್ಟಾದರು. ಅವರ ಸಿಟ್ಟಿನಲ್ಲಿ ಅರ್ಥವಿತ್ತು, ಅದನ್ನು ಮುಂದೆ ನೋಡೋಣ.

ನೀರು ಬಂದದ್ದು ಎಸ್‌ಟಿಪಿಯಿಂದ, ಅಂದರೆ ಒಳಚರಂಡಿ ನೀರು ಶುದ್ಧೀಕರಿಸುವ ಘಟಕದಿಂದ. ಮೊದಲ ಬೇಸಿಗೆಯಲ್ಲಿ ಗಿಡ ಸತ್ತದ್ದು ನೀರಿಲ್ಲದೆ ಅಲ್ಲ, ನೀರು ಹಾಕಿದ ರೀತಿಯಿಂದ. ಟ್ಯಾಂಕರಿನ ಮೇಲೆ ನಿಂತು ಪೈಪು ಬಿಟ್ಟರೆ ರಭಸಕ್ಕೆ ಬುಡದ ಮಣ್ಣು ಕೊಚ್ಚಿ ಬೇರು ಮೇಲೆ ಬರುತ್ತದೆ, 20 ಲೀಟರಿನಲ್ಲಿ ಹದಿನೈದು ರಸ್ತೆಗೆ ಹರಿಯುತ್ತದೆ. ಪಾತಿಯನ್ನು ಮೂರಡಿ ಅಗಲ ಮಾಡಿ, ಇಳಿಜಾರಿನಲ್ಲಿ ಕೆಳಬದಿಗೆ ಅರ್ಧಚಂದ್ರದ ಬದು ಏರಿಸಿ, ಪೈಪಿನ ಬಾಯಿಗೆ ಗೋಣಿಚೀಲ ಸುತ್ತಿ ನೆಲಕ್ಕೆ ಇಟ್ಟು ಬಿಡುವಂತೆ ಹೇಳಿಕೊಟ್ಟರು. ಪೌರಕಾರ್ಮಿಕರು ಗುಡಿಸುವ ತರಗೆಲೆ ಪಾತಿಗೆ ಬಂತು. ಪ್ಲಾಸ್ಟಿಕ್ ಆರಿಸಿ ತೆಗೆಯುವ ಕೆಲಸ ಹೆಚ್ಚಿತಾದರೂ ಬೆಳಗಿನ ಹೊತ್ತು ಎಲೆ ಸುಡುವುದು ನಿಂತಿತು, ಪಾತಿಯ ತೇವ ಇನ್ನೊಂದೆರಡು ದಿನ ಉಳಿಯಿತು.

ಗುಂಡಿ ತೋಡುವಲ್ಲೂ ಒಂದು ಪಾಠವಿತ್ತು. ಟ್ರ್ಯಾಕ್ಟರಿಗೆ ಕಟ್ಟುವ ಅಗರ್ ಯಂತ್ರ ಬೇಗ ತೋಡುತ್ತದೆ, ಆದರೆ ರಸ್ತೆಬದಿಯ ಗಟ್ಟಿ ಮೊರಂನಲ್ಲಿ ಗುಂಡಿಯ ಗೋಡೆಯನ್ನು ಮಡಕೆಯಂತೆ ನುಣುಪು ಮಾಡುತ್ತದೆ. ಬೇರು ಅದರೊಳಗೇ ಸುತ್ತು ಹೊಡೆಯುತ್ತದೆ. ಎರಡನೇ ವರ್ಷದಿಂದ ಹಾರೆಯಲ್ಲಿ ತೋಡಿದ 90 ಸೆಂಟಿಮೀಟರಿನ ಚೌಕ ಗುಂಡಿ, ಗೋಡೆ ಒರಟಾಗಿಯೇ ಬಿಟ್ಟದ್ದು, ಕಟ್ಟಡದ ಅವಶೇಷ ಆರಿಸಿ ತೆಗೆದು ಕೆಂಪು ಮಣ್ಣು ಮತ್ತು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ತುಂಬಿದ್ದು. ಸಸಿ 14×20 ಚೀಲದ್ದು, ಆರರಿಂದ ಎಂಟು ಅಡಿ, ಕೋಲಿನ ಆಸರೆ ಇಲ್ಲದೆ ತಾನೇ ನಿಲ್ಲುವಂಥದ್ದು. ಚೀಲ ಸೀಳಿ ಪೂರ್ತಿ ತೆಗೆದು, ತಳದಲ್ಲಿ ಸುರುಳಿ ಸುತ್ತಿದ ಬೇರನ್ನು ಚೂಪು ಕತ್ತಿಯಲ್ಲಿ ಕತ್ತರಿಸಿ, ಬುಡದ ಕಂಠ ನೆಲಮಟ್ಟಕ್ಕೆ ಬರುವಂತೆ ಇಡುವುದು. ಆಳಕ್ಕೆ ಇಟ್ಟರೆ ಭದ್ರ ಎಂಬ ನಂಬಿಕೆ ಬಲವಾಗಿದೆ; ಕಂಠ ಮಣ್ಣಿನಲ್ಲಿ ಹೂತರೆ ಅಲ್ಲೇ ಕೊಳೆಯುತ್ತದೆ.

ಕಬ್ಬಿಣದ ಟ್ರೀ ಗಾರ್ಡ್ ಹಲವು ಕಳವಾದವು. ಕಳವಾಗದೆ ಉಳಿದ ಹಳೆಯವು ಮಾಡಿದ ಹಾನಿ ಹೆಚ್ಚು: ಹತ್ತು ವರ್ಷದ ಹಿಂದೆ ಹಾಕಿ ಮರೆತ ಗಾರ್ಡಿನ ಸರಳುಗಳು ಕಾಂಡದೊಳಗೆ ಹುದುಗಿ ತೊಗಟೆ ಸೀಳಿದ್ದವು. ಹೊಸ ಗುತ್ತಿಗೆಯಲ್ಲಿ ಬಿದಿರಿನ ಗಾರ್ಡು, ಮೇಲೆ ಜಾಲಿ ಮುಳ್ಳು. ಕಬ್ಬಿಣದ್ದಾದರೆ ಮೂರನೇ ವರ್ಷದ ಕೊನೆಗೆ ತೆಗೆದು ಒಪ್ಪಿಸಿದ ಮೇಲೆಯೇ ಕೊನೆಯ ಕಂತು.

ಚರಂಡಿ ಮತ್ತು ಮೂರು ಹೊಂಗೆ ಮರ

ಯೋಜನೆಯ ಎರಡನೇ ವರ್ಷ ಒಂದು ಬೀದಿಯಲ್ಲಿ ಬಾಕ್ಸ್ ಚರಂಡಿ ಕೆಲಸ ನಡೆಯಿತು. ಹಳೆಯ ಹೊಂಗೆ ಸಾಲಿನಿಂದ ಒಂದೂವರೆ ಅಡಿ ದೂರದಲ್ಲಿ ಜೆಸಿಬಿ ಕಾಲುವೆ ಬಗೆಯಿತು. ಮರಕ್ಕೆ ಗೀರೂ ಬೀಳಲಿಲ್ಲ, ಆದ್ದರಿಂದ ಯಾರೂ ದೂರಲಿಲ್ಲ. ಮುಂದಿನ ಏಪ್ರಿಲ್‌ನ ಗಾಳಿಮಳೆಯಲ್ಲಿ ಮೂರು ಮರ ಬುಡಸಮೇತ ಉರುಳಿದವು. ಮೂರೂ ಚರಂಡಿಯ ವಿರುದ್ಧ ದಿಕ್ಕಿಗೆ, ರಸ್ತೆಗೆ ಅಡ್ಡಲಾಗಿ. ನಿಲ್ಲಿಸಿದ್ದ ಒಂದು ಆಟೋ ಜಜ್ಜಿಹೋಯಿತು, ಅದೃಷ್ಟಕ್ಕೆ ಒಳಗೆ ಯಾರೂ ಇರಲಿಲ್ಲ.

ವಾರದೊಳಗೆ ‘ಅಪಾಯಕಾರಿ ಮರ’ಗಳೆಂದು 64 ಮರ ಕಡಿಯಲು ಮನವಿ ಬಂದವು. ಆಗ ಒತ್ತಡಕ್ಕೆ ಮಣಿದಿದ್ದರೆ ಇಡೀ ಸಾಲು ಹೋಗುತ್ತಿತ್ತು. ಪರಿಸರ ಅಭಿಯಂತರರು ಮಾಡಿದ್ದು ಬಿದ್ದ ಮರಗಳ ಬೇರಿನ ಫೋಟೋ ಸಭೆಗೆ ತಂದದ್ದು. ರಸ್ತೆ ಬದಿಗೆ ತೊಡೆಗಾತ್ರದ ಬೇರು ಮಣ್ಣು ಹಿಡಿದುಕೊಂಡೇ ಎದ್ದಿತ್ತು. ಚರಂಡಿ ಬದಿಗೆ ಗರಗಸದಲ್ಲಿ ಕುಯ್ದಂತೆ ಚಪ್ಪಟೆ. ಗಾಳಿಗೆ ಎದುರಾಗಿ ಹಗ್ಗದಂತೆ ಎಳೆದು ಹಿಡಿಯುವ ಬೇರೇ ಇಲ್ಲದ ಮೇಲೆ ಮರ ಆ ಕಡೆಯಿಂದ ಈ ಕಡೆಗೆ ವಾಲುತ್ತದೆ. ಮರಗಳನ್ನು ಬೀಳಿಸಿದ್ದು ವಯಸ್ಸಲ್ಲ, ಕಾಮಗಾರಿ ಎಂಬುದು ಸಭೆಗೆ ಕಣ್ಣಿಗೇ ಕಂಡಿತು.

ನಂತರ ವೃಕ್ಷಾಧಿಕಾರಿಯ ಜತೆ 64 ಮರಗಳನ್ನೂ ಒಂದೊಂದಾಗಿ ನೋಡಿದರು. ಬುಡದಲ್ಲಿ ಬೇರು ಕೊಳೆಸುವ ಗ್ಯಾನೋಡರ್ಮ ಅಣಬೆ, ಮರದ ಸುತ್ತಿಗೆಯಲ್ಲಿ ಬಡಿದಾಗ ಟೊಳ್ಳು ಸದ್ದು, ಬುಡದ ಒಂದು ಕಡೆ ಮಣ್ಣು ಬಿರುಕು ಬಿಟ್ಟು ಎದ್ದಿರುವುದು, ಇತ್ತೀಚೆಗೆ ಶುರುವಾದ ವಾಲು ಇವು ಗಂಭೀರ. ಹಳೆಯ ವಾಲು, ಒಣಕೊಂಬೆ, ತೊಗಟೆಯ ಗಾಯ ಅಷ್ಟಕ್ಕೇ ಕಡಿಯಬೇಕಿಲ್ಲ. 11 ಮರ ತೆಗೆದರು, 24ರ ಕೊಂಬೆ ಹಗುರ ಮಾಡಿದರು, 29 ಹಾಗೇ ಬಿಟ್ಟರು. ವಿದ್ಯುತ್ ಕಂಪನಿಯ ಜತೆ ಮಾತಾಡಿ ತಂತಿ ಕೆಳಗಿನ ಕೊಂಬೆ ಕೆಲಸವನ್ನು ಮೇ ತಿಂಗಳ ಅವಸರದಿಂದ ಡಿಸೆಂಬರ್–ಜನವರಿಗೆ ತಂದರು. ಅವಸರದಲ್ಲಿ ಒಂದೇ ಬದಿ ಬೋಳಿಸಿದ ಮರ ಇನ್ನೊಂದು ಬದಿಗೆ ಭಾರವಾಗಿ ಬೀಳುವುದೇ ಹೆಚ್ಚು.

ಇದಕ್ಕಿಂತ ದೊಡ್ಡ ಬದಲಾವಣೆ ಎಸ್ಟಿಮೇಟಿನಲ್ಲಿ ಆಯಿತು. ಕೆಲಸ ಶುರುವಾದ ಮೇಲೆ ಮರದ ಮಾತೆತ್ತಿದರೆ ಗುತ್ತಿಗೆದಾರನ ಅಲೈನ್‌ಮೆಂಟು, ಅಳತೆ, ಬಿಲ್ಲು ಎಲ್ಲ ಅಡ್ಡ ಬರುತ್ತವೆ. ಆದ್ದರಿಂದ ರಸ್ತೆ, ಚರಂಡಿ, ಕೇಬಲ್, ನೀರಿನ ಪೈಪು ಯಾವುದೇ ಆಗಲಿ, ಐದು ಮೀಟರಿನೊಳಗಿನ ಮರಗಳನ್ನು ಗಣತಿ ಸಂಖ್ಯೆ ಸಮೇತ ನಕ್ಷೆಯಲ್ಲಿ ತೋರಿಸದಿದ್ದರೆ ತಾಂತ್ರಿಕ ಮಂಜೂರಾತಿಗೆ ಕಡತ ಹೋಗುವುದಿಲ್ಲ ಎಂದು ಪೌರಾಯುಕ್ತರು ಸುತ್ತೋಲೆ ಹೊರಡಿಸಿದರು. ತಪ್ಪಿದರೆ ಭದ್ರತಾ ಠೇವಣಿಯಿಂದ ಕಡಿತ.

ಬೇರಿನ ರಕ್ಷಣೆಗೆ ಬ್ರಿಟಿಷ್ ಮಾನದಂಡ ಬಿಎಸ್ 5837 ಕಾಂಡದ ವ್ಯಾಸದ 12 ಪಟ್ಟು ತ್ರಿಜ್ಯ ಕೇಳುತ್ತದೆ. 150 ಸೆಂಟಿಮೀಟರ್ ಸುತ್ತಳತೆಯ ಮರಕ್ಕೆ ಇದು 5.7 ಮೀಟರ್. ನಮ್ಮ ಬೀದಿಗಳಲ್ಲಿ ಅಷ್ಟು ಜಾಗವಿಲ್ಲ. ಎರಡು ವಲಯ ಮಾಡಿಕೊಂಡರು. ಹೊರವಲಯದಲ್ಲಿ, ಅಂದರೆ ಸುತ್ತಳತೆಯ ನಾಲ್ಕು ಪಟ್ಟು ದೂರದೊಳಗೆ ಯಂತ್ರವಿಲ್ಲ, ಕೈಯಲ್ಲೇ ಅಗೆತ. ಹೆಬ್ಬೆರಳಿಗಿಂತ ದಪ್ಪದ ಬೇರು ಸಿಕ್ಕರೆ ಪರಿಸರ ಅಭಿಯಂತರರು ನೋಡುವವರೆಗೆ ಕತ್ತರಿಸುವಂತಿಲ್ಲ. ಒಳವಲಯ ಸುತ್ತಳತೆಯಷ್ಟೇ ದೂರ. ಅಲ್ಲಿ ಅಗೆತವೇ ಇಲ್ಲ. ಮೇಸ್ತ್ರಿಗೆ ಇದನ್ನು ಹೇಳಿಕೊಡುವುದು ಸುಲಭ: ಹಗ್ಗವನ್ನು ಮರಕ್ಕೆ ಒಂದು ಸುತ್ತು ಸುತ್ತಿ, ಅದೇ ಹಗ್ಗವನ್ನು ಬುಡದಿಂದ ನೆಲದ ಮೇಲೆ ಚಾಚಿ, ತುದಿಯಲ್ಲಿ ಸುಣ್ಣದ ಗೆರೆ. ಗೆರೆಯೊಳಗೆ ಹಾರೆ ಇಲ್ಲ. ಚರಂಡಿ ಅಡ್ಡ ಬಂದಲ್ಲಿ ಗೋಡೆಯನ್ನು ಮರದ ಎರಡು ಬದಿಗೆ ನಿಲ್ಲಿಸಿ ಮೇಲೆ ಲಿಂಟಲ್ ಹಾಯಿಸಿದರು, ಇಲ್ಲವೇ ಅಲೈನ್‌ಮೆಂಟ್ ಬಾಗಿಸಿದರು.

ಮುಚ್ಚಿದ ಬುಡ ತೆರೆಯುವ ಕೆಲಸಕ್ಕೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲಿ ದೆಹಲಿಯ ಮರಗಳ ಸುತ್ತ ಒಂದು ಮೀಟರ್ ಕಾಂಕ್ರೀಟ್ ತೆಗೆಸಿದ ಆದೇಶವನ್ನು ಮಾದರಿಯಾಗಿ ಇಟ್ಟುಕೊಂಡರು. ಬ್ರೇಕರ್ ಯಂತ್ರ ಬಿಟ್ಟು ಉಳಿ, ಸುತ್ತಿಗೆಯಲ್ಲೇ ಒಡೆಸಿದರು. ಅಂಗಡಿಯವರು ಬೈಕು ನಿಲ್ಲಿಸಲು ಜಾಗ ಹೋಯಿತೆಂದಾಗ ತೆರೆದ ಜಾಗಕ್ಕೆ ಜಲ್ಲಿ ತುಂಬಿ ಮಟ್ಟ ಮಾಡಿಕೊಟ್ಟರು. ಅರಳಿಕಟ್ಟೆಗಳ ವಿಷಯ ನಾಜೂಕು: ಭಕ್ತಿಯಿಂದಲೇ ಕಟ್ಟೆ ಎತ್ತರಿಸಿ, ಕಾಂಡದವರೆಗೆ ಮಣ್ಣು ತುಂಬಿ, ಮೇಲೆ ಗ್ರಾನೈಟ್ ಹಾಸುತ್ತಾರೆ. ಎರಡು ಕಡೆ ಊರ ಹಿರಿಯರೊಂದಿಗೆ ಕೂತು ಮಾತಾಡಿ ಕಾಂಡದ ಸುತ್ತ ಒಂದೂವರೆ ಅಡಿ ತೆರವು ಬಿಡಿಸಿದರು, ಪ್ರದಕ್ಷಿಣೆಗೆ ತೊಂದರೆಯಾಗದಂತೆ.

ಗುಂಡುತೋಪು

ಮೂರು ತೋಪುಗಳೂ ಮಾವು, ಹುಣಸೆ, ನೇರಳೆ, ಹಿಪ್ಪೆಯ ಹಳೆಯ ತೋಪುಗಳು. ದೇವನಹಳ್ಳಿ ಬಳಿಯ ನಲ್ಲೂರಿನ ಹುಣಸೆ ತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಣೆಯಾದದ್ದನ್ನು ನೆನೆದರೆ ಇಂಥ ತೋಪಿನ ಬೆಲೆ ತಿಳಿಯುತ್ತದೆ. ಆದರೆ ಇಲ್ಲಿ ನೆಡುವುದಕ್ಕಿಂತ ಮೊದಲು ಹುಡುಕಬೇಕಾದದ್ದು ಕಾಗದ. ಮೂಲ ಟಿಪ್ಪಣಿ, ಆಕಾರಬಂದ್, ಗ್ರಾಮನಕ್ಷೆ, ಪಹಣಿ ಈ ನಾಲ್ಕು ಭೂದಾಖಲೆಗಳನ್ನೂ ಹೋಲಿಸಿದಾಗ ದೊಡ್ಡ ತೋಪು ದಾಖಲೆಯಲ್ಲಿ 4 ಎಕರೆ 12 ಗುಂಟೆ, ನೆಲದ ಮೇಲೆ 2 ಎಕರೆ 30 ಗುಂಟೆ. ಉಳಿದದ್ದರಲ್ಲಿ ಅಂಗನವಾಡಿ, ಓವರ್‌ಹೆಡ್ ಟ್ಯಾಂಕು, ಸಮುದಾಯ ಭವನ, ಒಂದು ರಸ್ತೆ. ಒತ್ತುವರಿ ಮಾಡಿದವರಲ್ಲಿ ಮೊದಲಿಗರು ಸರ್ಕಾರಿ ಸಂಸ್ಥೆಗಳೇ, ಮತ್ತು ನಗರಸಭೆ ತಾನೇ ಅಲ್ಲಿ ಒಣಕಸ ಕೇಂದ್ರಕ್ಕೆ ಜಾಗ ಗುರುತಿಸಿತ್ತು. ಆ ಪ್ರಸ್ತಾವ ಮೊದಲು ಹಿಂದಕ್ಕೆ ಪಡೆದರು. ಇಲ್ಲದಿದ್ದರೆ ಬೇರೆಯವರಿಗೆ ಹೇಳುವ ಬಾಯಿ ಎಲ್ಲಿದೆ?

ನಂತರದ ಹೆಜ್ಜೆಗಳು: ತಹಶೀಲ್ದಾರರ ಮೂಲಕ ಜಂಟಿ ಸರ್ವೆ, ಗಡಿ ಕಲ್ಲು, ಕರ್ನಾಟಕ ಭೂಕಂದಾಯ ಕಾಯ್ದೆ, 1964ರ 71ನೇ ಕಲಮಿನಡಿ ತೋಪಿಗೆಂದೇ ಕಾಯ್ದಿರಿಸಲು ಜಿಲ್ಲಾಧಿಕಾರಿಗಳಿಗೆ ಪ್ರಸ್ತಾವ, ಮಾಸ್ಟರ್ ಪ್ಲಾನ್ ಪರಿಷ್ಕರಣೆಯಲ್ಲಿ ಹಳದಿ ಬಣ್ಣದ ವಸತಿ ವಲಯದಿಂದ ಹಸಿರು ಬಣ್ಣದ ಉದ್ಯಾನ ಮತ್ತು ತೆರೆದ ಜಾಗಕ್ಕೆ ಬದಲಾವಣೆ. ಈ ಪರಿಷ್ಕರಣೆ ಹತ್ತು ವರ್ಷಕ್ಕೊಮ್ಮೆ ಬರುವಂಥದ್ದು, ತಪ್ಪಿಸಿಕೊಂಡರೆ ಇನ್ನೊಂದು ದಶಕ. ಸಾರ್ವಜನಿಕ ಆಸ್ತಿಯ ಒತ್ತುವರಿ ಕುರಿತು ಸುಪ್ರೀಂ ಕೋರ್ಟು 2011ರಲ್ಲಿ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಕೊಟ್ಟ ತೀರ್ಪು ಕಂದಾಯ ಅಧಿಕಾರಿಗಳ ಮುಂದೆ ಬಹಳ ಕೆಲಸಕ್ಕೆ ಬಂತು.

ತೋಪಿನೊಳಗೆ ಮೊದಲು ಮಾಡಿದ್ದು ತಪ್ಪು. 20 ಗುಂಟೆಯಲ್ಲಿ ಮಿಯಾವಾಕಿ ಮಾದರಿಯ ದಟ್ಟ ನೆಡುವಿಕೆಗೆಂದು ಜೆಸಿಬಿ ತಂದು ಮೂರಡಿ ಮಣ್ಣು ಸಡಿಲಿಸಿದರು. ಹಳೆಯ ಹುಣಸೆಗಳ ಬೇರು ಅಲ್ಲೆಲ್ಲ ಹರಡಿತ್ತು. ಎರಡು ಮರದ ಒಂದು ಪಾರ್ಶ್ವ ಒಣಗಿತು. ಚದರ ಮೀಟರಿಗೆ ಮೂರರಂತೆ ಹಾಕಿದ ಸಸಿಗಳು ಎರಡನೇ ಬೇಸಿಗೆಗೆ ಮುಕ್ಕಾಲು ಪಾಲು ಹೋದವು, ದೊಡ್ಡ ಮರದ ಬೇರಿನ ಜತೆ ನೀರಿಗೆ ಪೈಪೋಟಿ ಮಾಡಲಾಗದೆ. ಬೋಳು ನೆಲದಲ್ಲಿ ಈ ವಿಧಾನಕ್ಕೆ ಜಾಗವಿದೆ, ನಿಂತ ತೋಪಿನಲ್ಲಿ ಇಲ್ಲ.

ಮುಂದೆ ಮಾಡಿದ್ದು ಏನೂ ಮಾಡದಂತಿತ್ತು. ದನ, ಬೆಂಕಿ, ಗುಡಿಸುವುದು ಈ ಮೂರನ್ನು ಮೂರನೇ ಒಂದು ಭಾಗದಲ್ಲಿ ನಿಲ್ಲಿಸಿದರು. ಕುರಿ ಮೇಯಿಸುವವರೊಂದಿಗೆ ಮಾತಾಡಿ, ಆ ಭಾಗ ಮೂರು ವರ್ಷ ಮುಚ್ಚುವುದು, ಗಿಡ ಕುರಿಯ ಬಾಯಿಗೆ ಸಿಗದಷ್ಟು ಬೆಳೆದ ಮೇಲೆ ತೆರೆದು ಇನ್ನೊಂದನ್ನು ಮುಚ್ಚುವುದು ಎಂದಾಯಿತು. ಎರಡು ಮಳೆಗಾಲದಲ್ಲಿ ಬೇವು, ನೇರಳೆ, ಹೊಂಗೆ, ಹಿಪ್ಪೆಯ ಮೊಳಕೆ ತಾವೇ ಎದ್ದವು. ಬಿಸಿಲು ಬೀಳುವ ದೊಡ್ಡ ತೆರವುಗಳಲ್ಲಿ ಮಾತ್ರ ಎಂಟು ಮೀಟರಿಗೊಂದು ಗಿಡ. ಹುಣಸೆ ಫಲ ಹರಾಜಿನ ಹಣವನ್ನು ಕಾವಲುಗಾರನ ಸಂಬಳಕ್ಕೆ ಮುಡಿಪಿಟ್ಟು, ಕೊಂಬೆ ಮುರಿದರೆ ಹರಾಜುದಾರನ ಠೇವಣಿ ಮುಟ್ಟುಗೋಲು ಎಂಬ ಷರತ್ತು ಸೇರಿಸಿದರು.

ತೋಪಿನಿಂದ ಕೆರೆಯವರೆಗೆ ರಾಜಕಾಲುವೆಯ ಅಂಚಿನಲ್ಲಿ ಹೊಳೆಮತ್ತಿ, ಹೊಂಗೆ ಬಂದವು. ಕೆರೆಯಂಗಳದಲ್ಲಿ ಮೊದಲ ವರ್ಷ ನೆಟ್ಟ ಬೇವು ಕೆರೆ ತುಂಬಿದಾಗ ನಿಂತ ನೀರಿನಲ್ಲಿ ಪೂರ್ತಿ ಸತ್ತಿತು, ಹೊಳೆಮತ್ತಿ ಉಳಿಯಿತು. ಏರಿಯ ಮೇಲೆ ಮರ ಬೇಡ ಎಂದು ಸಣ್ಣ ನೀರಾವರಿಯ ಎಂಜಿನಿಯರರು ಹೇಳಿದ್ದು ಸರಿ. ಮರ ಸತ್ತು ಬೇರು ಕೊಳೆತ ಕೊಳವೆಯಲ್ಲಿ ನೀರು ಜಿನುಗಿ ಏರಿ ಒಡೆಯಬಹುದು.

ಏನಾಯಿತು

ಮೊದಲ ತಂಡದ 1,200ರಲ್ಲಿ ಮೂರನೇ ಬೇಸಿಗೆ ದಾಟಿದ್ದು 868, ನೂರಕ್ಕೆ 72. ಹಿಂದಿನ ಐದು ವರ್ಷದ 25,000ದಲ್ಲಿ ಉಳಿದದ್ದಕ್ಕೆ ಹೋಲಿಸಿದರೆ ಒಂದೇ ವರ್ಷದ ಸಣ್ಣ ತಂಡ ಅದರ ಅರ್ಧದ ಹತ್ತಿರ ಬಂದಿದೆ, ಅದೂ ಆಳೆತ್ತರ ದಾಟಿದ ಗಿಡಗಳು. ರಸ್ತೆ ಅಗಲೀಕರಣದ ನಕ್ಷೆ ಮರುಮಾಡಿದಾಗ 142ರಲ್ಲಿ 85 ಉಳಿದವು: ಎರಡು ಕಡೆ ಮರಗಳನ್ನೇ ಮೀಡಿಯನ್ನಿನೊಳಗೆ ತೆಗೆದುಕೊಂಡರು, ಒಂದು ಕಡೆ ಪಾರ್ಕಿಂಗ್ ಪಟ್ಟಿ ಬಿಟ್ಟುಕೊಟ್ಟರು. ತೆಗೆಯಬೇಕಾದ 57ರಲ್ಲಿ 12 ಮರ ಬೇರೆಡೆಗೆ ಸ್ಥಳಾಂತರಿಸಿದರು. ಬದುಕಿದ್ದು ನಾಲ್ಕು, ನಾಲ್ಕೂ ಆಲ, ಅರಳಿ. ಹುಣಸೆ ಒಂದೂ ಉಳಿಯಲಿಲ್ಲ. ಸ್ಥಳಾಂತರವನ್ನು ಕಡಿಯುವುದಕ್ಕೆ ಪರಿಹಾರವೆಂದು ಲೆಕ್ಕ ಹಿಡಿಯಬಾರದೆಂದು ಯೋಜನೆಯ ಪರಿಷ್ಕೃತ ಪ್ರತಿಯಲ್ಲಿ ಬರೆದರು.

ಎರಡು ತೋಪುಗಳ ಕಾಯ್ದಿರಿಸುವ ಆದೇಶ ಬಂದಿದೆ. ಮೂರನೆಯದರಲ್ಲಿ ಒಬ್ಬರು ಸ್ವಾಧೀನದ ಹಕ್ಕು ಹೇಳುತ್ತಿದ್ದಾರೆ, ಕಡತ ಉಪವಿಭಾಗಾಧಿಕಾರಿಗಳ ಮುಂದಿದೆ.

ಸದಸ್ಯರ ಸಿಟ್ಟಿನ ಮಾತು. ನೀರು ತಲುಪುವ, ಗುಂಡಿ ಹಿಡಿಯುವ ಜಾಗ ನೋಡಿ ನೆಟ್ಟಾಗ ಹೆಚ್ಚು ಗಿಡ ಹೋದದ್ದು ಅಗಲ ರಸ್ತೆಯ ಹೊಸ ಬಡಾವಣೆಗಳಿಗೆ. ಹತ್ತಡಿ ಗಲ್ಲಿಗಳ, ಶೀಟಿನ ಮನೆಗಳ ನಾಲ್ಕು ವಾರ್ಡುಗಳಿಗೆ ಮೊದಲ ವರ್ಷ ಒಂದೂ ಇಲ್ಲ. ನೆರಳು ಹೆಚ್ಚು ಬೇಕಾದವರು ಅವರೇ. ನಗರ ಅರಣ್ಯ ತಜ್ಞ ಸೆಸಿಲ್ ಕೊನಿನೆಂಡೈಕ್ 2021ರಲ್ಲಿ ಮುಂದಿಟ್ಟ 3-30-300 ಎಂಬ ನಗರ ಹಸಿರಿನ ಸೂತ್ರದ ಮೊದಲ ಭಾಗವನ್ನು, ಪ್ರತಿ ಮನೆಯಿಂದ ಮೂರು ಮರ ಕಾಣಬೇಕೆಂಬುದನ್ನು, ಇಲ್ಲಿ ಪರೀಕ್ಷೆಯಾಗಿ ಇಟ್ಟರು. ಶಾಲೆಯ ಮೈದಾನದ ಅಂಚು, ಸ್ಮಶಾನ, ಸಾರ್ವಜನಿಕ ನಲ್ಲಿಯ ಬಳಿ, ಗಲ್ಲಿಗಳು ಕೂಡುವ ಮೂಲೆಗಳಲ್ಲಿ ಎರಡನೇ ವರ್ಷದಿಂದ ಒಂದು ಪ್ಯಾಕೇಜು ಪೂರ್ತಿ ಈ ವಾರ್ಡುಗಳಿಗೆಂದೇ ತೆಗೆದಿಟ್ಟರು. ನೀರು ಹಾಕುವ ಕೆಲಸ ಅಲ್ಲಿನ ಮಹಿಳಾ ಸ್ವಸಹಾಯ ಸಂಘಕ್ಕೆ, ಅದೇ ತಿಂಗಳ ಪಾವತಿಯಲ್ಲಿ. ಎರಡು ವಾರ್ಡುಗಳಲ್ಲಿ ಇದು ಹಿಡಿದಿದೆ. ಉಳಿದೆರಡರಲ್ಲಿ ಗುಂಡಿ ತೋಡುವಷ್ಟು ನೆಲವೇ ಸಿಕ್ಕಿಲ್ಲ.

ಈಗ ಹೊಸ ಅಡಚಣೆ ನರ್ಸರಿಯದು. ಕಮರ, ತಪಸಿ, ಹಿಪ್ಪೆಯ 14×20 ಚೀಲದ ಸಸಿ ಕೇಳಿದ ವರ್ಷ ಸಿಗುವುದಿಲ್ಲ. ಬೀಜದಿಂದ ಆ ಗಾತ್ರಕ್ಕೆ ಬರಲು ಎರಡು, ಮೂರು ವರ್ಷ ಬೇಕು. ಆದ್ದರಿಂದ ಪ್ರತಿ ಮೇ ತಿಂಗಳು ಮೂರು ವರ್ಷ ಮುಂದಿನ ಬೇಡಿಕೆಯ ಪಟ್ಟಿ ಅರಣ್ಯ ಇಲಾಖೆಯ ನರ್ಸರಿಗೆ ಹೋಗುತ್ತದೆ, ಗಣತಿಯ ಖಾಲಿ ಜಾಗದ ಕಾಲಮಿನಿಂದ ತೆಗೆದದ್ದು. ಹಿಪ್ಪೆ ಬೀಜ ಒಣಗಿಸಿ ಇಟ್ಟರೆ ಸತ್ತುಹೋಗುತ್ತದೆ, ಬಿದ್ದ ಕೆಲವೇ ವಾರದಲ್ಲಿ ಬಿತ್ತಬೇಕು. ಹಾಗಾಗಿ ಮುಂಗಾರಿನ ಆರಂಭದಲ್ಲಿ ದೊಡ್ಡ ತೋಪಿನ ಕಾವಲುಗಾರ ಬೆಳಿಗ್ಗೆ ಎದ್ದು ಹಿಪ್ಪೆ ಬೀಜ ಆರಿಸಿ, ಒದ್ದೆ ಗೋಣಿಯಲ್ಲಿ ಸುತ್ತಿ, ಅಂದೇ ನರ್ಸರಿಗೆ ಕಳಿಸುತ್ತಾನೆ. ಮೊದಲ ಮೂಟೆಯಿಂದ ಎದ್ದ ಸಸಿಗಳು ಈಗ ಮಂಡಿಯೆತ್ತರಕ್ಕಿವೆ.